ಮಾತು ಮುಗಿಯುವವರೆಗೆ ಕಾದವರು

“ಅವರು ಹೇಳೋದನ್ನ ನೀವೇ ಚಿಕ್ಕದಾಗಿ ಹೇಳಿಬಿಡಿ ಮೇಡಂ, ಸಾಹೇಬ್ರಿಗೆ ಇನ್ನೊಂದು ಮೀಟಿಂಗ್ ಇದೆ” ಎಂದು ಸಮಿತಿಯ ಗುಮಾಸ್ತರು ಬಗ್ಗಿ, ಕಿವಿಯ ಹತ್ತಿರ ಅಂದರು.

“ಚಿಕ್ಕದು ಮಾಡೋದು ಬಿಡೋದು ಅವರ ಇಷ್ಟ. ಜೋರಾಗಿ ಹೇಳೋದಷ್ಟೇ ನನ್ನ ಕೆಲಸ” ಎಂದರು ಅಕ್ಕನವರು.

ಸಾರ್ವಜನಿಕ ಆಸ್ಪತ್ರೆಯ ವಾಕ್‌ಚಿಕಿತ್ಸಾ ವಿಭಾಗದಿಂದ ಈಗ ನಿವೃತ್ತರಾಗಿರುವ, ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾಗಿರುವ ನಮ್ಮ ಅಕ್ಕನವರನ್ನು ಪರಿಚಯಿಸಲು ಆ ಒಂದು ಉತ್ತರವೇ ಸಾಕು. ಮಾತು ತೊಡರುವವರಿಗೆ ಮಾತು ಕಲಿಸಿದವರು ಆ ಕ್ಷೇತ್ರದಲ್ಲಿ ಹಲವರಿದ್ದಾರೆ. ಅಂಥವರ ಮಾತನ್ನು ಕೇಳುವುದು ಹೇಗೆಂದು ಬಸ್ ಕಂಡಕ್ಟರರಿಂದ ಹಿಡಿದು ನ್ಯಾಯಾಧೀಶರವರೆಗೆ ಎಲ್ಲರಿಗೂ ಕಲಿಸಿದವರು ಅವರೊಬ್ಬರೇ ಎಂದರೆ ಉತ್ಪ್ರೇಕ್ಷೆಯಾಗದು.

ಕೆಲಸಕ್ಕೆ ಸೇರಿದಾಗ ಅವರಿಗೆ ಸಿಕ್ಕ ಕೋಣೆ ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿತ್ತು. ಮಾತು ಕಲಿಸುವ ಜಾಗಕ್ಕೆ ಇಷ್ಟು ಗದ್ದಲದ ನೆರೆಯೇ ಎಂದು ಯಾರೋ ನೊಂದುಕೊಂಡರೆ, ಹೊರಗಿನ ಲೋಕ ಇದಕ್ಕಿಂತ ಗದ್ದಲದ್ದು, ಇಲ್ಲೇ ಅಭ್ಯಾಸವಾಗಲಿ ಎಂದು ನಕ್ಕುಬಿಟ್ಟರಂತೆ. ಆ ಕೋಣೆಗೆ ಮೊದಲ ವರ್ಷವೇ ಒಬ್ಬ ತಾಯಿ ತನ್ನ ಮಗನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಹುಟ್ಟಿನಿಂದಲೇ ಅವನ ಕೈಕಾಲು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಒಂದೊಂದು ಮಾತೂ ಗಂಟಲಿನಿಂದ ಹೊರಡಲು ಬಹಳ ಹೊತ್ತು ಹಿಡಿಯುತ್ತಿತ್ತು. ದೊಡ್ಡ ಡಾಕ್ಟರು ಬಂದು ಹುಡುಗನನ್ನು ಏನೋ ಕೇಳಿದರು. ಅವನು ಬಾಯಿ ತೆರೆಯುವಷ್ಟರಲ್ಲಿ ಹೊಸ ಚಿಕಿತ್ಸಕಿಯಾಗಿದ್ದ ಅಕ್ಕನವರೇ ಉತ್ತರ ಕೊಟ್ಟು ಮುಗಿಸಿದ್ದರು. ಉತ್ತರ ಸರಿಯಾಗಿಯೇ ಇತ್ತು. ಹುಡುಗ ಮಾತ್ರ ಕಣ್ಣು ಮುಚ್ಚಿಕೊಂಡ.

ಡಾಕ್ಟರು ಹೋದ ಮೇಲೆ ತಾಯಿ ಅಂದರು: “ಅವನ ಪರವಾಗಿ ಮಾತಾಡೋಕೆ ಮನೇಲಿ ನಾನೊಬ್ಬಳು ಇದೀನಲ್ಲಮ್ಮ. ಆ ಚಾಳಿ ಬಿಡಿಸಿಕೊಳ್ಳೋಣ ಅಂತಾನೇ ಇಲ್ಲಿಗೆ ಬಂದಿದ್ದು. ನಿಮಗೂ ಅದೇ ಕಾಯಿಲೆ ಇದೆಯಲ್ಲ.”

ಅಕ್ಕನವರು ಅಂದೇ ಕೋಣೆಗೆ ಒಂದು ಪದ್ಧತಿ ಮಾಡಿದರು. ಯಾರಿಗೆ ಮಾತಾಡಲು ಹೆಚ್ಚು ಹೊತ್ತು ಬೇಕೋ ಅವರು ಮೊದಲು ಮಾತಾಡಬೇಕು; ಅವರ ವಾಕ್ಯವನ್ನು ಬೇರೆ ಯಾರೂ ಮುಗಿಸಕೂಡದು. ಮೊದಮೊದಲು ಇದು ತಮಾಷೆಯ ವಸ್ತುವಾಯಿತು. ಆ ಕೋಣೆಗೆ ಹೋದ ಚಹಾ ಆರಿಯೇ ಹೋಗುತ್ತೆ ಎಂದು ಕ್ಯಾಂಟೀನಿನವರು ಗೊಣಗುತ್ತಿದ್ದರು. ಆದರೆ ಬರಬರುತ್ತಾ, ಲಕ್ವ ಹೊಡೆದು ಮಾತು ಕಳೆದುಕೊಂಡ ದರ್ಜಿ, ಕಿವಿ ಕೇಳದ ಬಡಗಿ, ಗಂಟಲಿನ ಶಸ್ತ್ರಚಿಕಿತ್ಸೆಯಾದ ಅಂಚೆಯವರು ಎಲ್ಲರೂ ಆ ಕೋಣೆಯಲ್ಲೇ ಸೇರಿ ಒಂದು ಸಂಘ ಕಟ್ಟಿದರು. ಲಕ್ವ ಹೊಡೆದ ಕೈಯಲ್ಲಿ ಸಹಿ ಹಾಕಲಾಗದೆಂದು ದರ್ಜಿಗೆ ಬ್ಯಾಂಕಿನವರು ಖಾತೆ ಕೊಡದಿದ್ದಾಗ ಅಕ್ಕನವರು ರಜೆ ಹಾಕಿ ಅವರ ಜೊತೆಗೆ ಹೋದರು. ತಾವು ತುಟಿ ಬಿಚ್ಚದೆ, ಮ್ಯಾನೇಜರು ದರ್ಜಿಯ ಮುಖವನ್ನೇ ನೋಡಿ ಮಾತಾಡುವವರೆಗೂ ಎದುರಿಗೆ ಕೂತೇ ಇದ್ದರು. ಖಾತೆ ಸಿಕ್ಕಿತು.

ಕಣ್ಣು ಮುಚ್ಚಿಕೊಂಡಿದ್ದ ಆ ಹುಡುಗ ಬೆಳೆದು ಚೆಸ್ ಮೇಷ್ಟ್ರಾದರು. ನಡೆಗಳನ್ನು ಬಾಯಲ್ಲಿ ಹೇಳುತ್ತಾರೆ, ಶಿಷ್ಯರು ಕಾಯಿ ಸರಿಸುತ್ತಾರೆ. ಶನಿವಾರಗಳಂದು ಅಕ್ಕನವರೂ ಅವರೊಡನೆ ಆಡುತ್ತಾರೆ, ಸೋಲುತ್ತಾರೆ. ತಾಯಿ ತೀರಿಕೊಂಡ ಮೇಲೆ ಕೆಲಕಾಲ ಮೇಷ್ಟ್ರು ಅನಾಥಾಲಯದಂಥ ಒಂದು ಪುನರ್ವಸತಿ ಕೇಂದ್ರದಲ್ಲಿದ್ದರು. ಅಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ದೀಪ ಆರಿಸುವುದು, ಚೆಸ್ಸಿಗೆ ಜಾಗವಿರಲಿಲ್ಲ. ಸಾರ್ವಜನಿಕ ಆರೋಗ್ಯ ನಿಧಿಯಿಂದ ಮನೆಗೇ ಸಹಾಯಕರನ್ನು ಕಳುಹಿಸುವ ಯೋಜನೆ ಬಂದಾಗ ಅವರು ಬೀದಿ ಬದಿಯ ಬಾಡಿಗೆ ಕೋಣೆಗೆ ಬಂದರು. ಸಹಾಯಕ ಬೆಳಿಗ್ಗೆ ಬಂದು ಏಳಿಸಿ, ಸ್ನಾನ ಮಾಡಿಸಿ, ಗಡ್ಡ ಹೆರೆದು ಕುರ್ಚಿಯಲ್ಲಿ ಕೂರಿಸಿದರೆ, ಆಮೇಲಿನ ದಿನವೆಲ್ಲ ಮೇಷ್ಟ್ರದ್ದೇ.

ಆ ಯೋಜನೆಯನ್ನೇ ಕೈಬಿಡುವ ಪ್ರಸ್ತಾಪ ಬಂತು. ನಿಧಿಯ ಭಾರ ಇಳಿಸಲು, ಮನೆಯ ಸಹಾಯಕರ ಬದಲು ಎಲ್ಲರನ್ನೂ ಮತ್ತೆ ಕೇಂದ್ರಗಳಿಗೆ ಸೇರಿಸುವ ಆಲೋಚನೆ. ತನಗಿಷ್ಟವಾದ ಕಡೆ ಬದುಕುವ ಹಕ್ಕನ್ನು ಕಾನೂನು ಕೊಟ್ಟಿದೆ, ಬೆಳಿಗ್ಗೆ ಏಳಿಸುವವರಿಲ್ಲದಿದ್ದರೆ ಆ ಹಕ್ಕು ಹಾಸಿಗೆಯಲ್ಲೇ ಮಲಗಿರುತ್ತದೆ ಎಂದು ಸಂಘದ ವಕೀಲೆ ವಾದ ಸಿದ್ಧಮಾಡಿದರು. ಆದರೆ ಪ್ರಸ್ತಾಪವನ್ನು ತೀರ್ಮಾನಿಸುವ ನಿಧಿಯ ಸಮಿತಿಯ ಮುಂದೆ ಮೊದಲು ಮಾತಾಡುವವರು, ಪದ್ಧತಿಯಂತೆ, ಮೇಷ್ಟ್ರೇ. ಅವರ ಮಾತನ್ನು ಇದ್ದಹಾಗೆಯೇ ಜೋರಾಗಿ ಹೇಳಲು ಅಕ್ಕನವರು ಪಕ್ಕದಲ್ಲಿ ಕೂತರು. ಗುಮಾಸ್ತರು ಬಂದು ಕಿವಿಯಲ್ಲಿ ಹೇಳಿದ್ದು ಆಗಲೇ.

ಎಂಥ ನಿಷ್ಠೆಯವರೂ ಎಡವುತ್ತಾರೆ. ಮೇಷ್ಟ್ರು ಅಧ್ಯಕ್ಷರನ್ನು ನೇರವಾಗಿ ನೋಡುತ್ತಾ ಒಂದು ಪ್ರಶ್ನೆ ಕೇಳಿದರು. ಅದರ ಮೊನೆ ಅಕ್ಕನವರಿಗೆ ತಟ್ಟನೆ ಗೊತ್ತಾಯಿತು. ಅಧ್ಯಕ್ಷರು ಸಿಟ್ಟಾದರೆ ಮೇಷ್ಟ್ರ ಕೋಣೆಯೇ ಕೈತಪ್ಪುತ್ತದೆ ಎಂಬ ಭಯದಲ್ಲಿ, “ಬೆಳಿಗ್ಗೆ ಏಳೋಕೆ ನಮಗೆ ಸಹಾಯ ಬೇಕಾಗುತ್ತೆ ಅಂತಿದಾರೆ” ಎಂದುಬಿಟ್ಟರು.

“ಅಲ್ಲ” ಎಂದರು ಮೇಷ್ಟ್ರು. ಆ ಮಾತು ಸಭೆಯಲ್ಲಿ ಎಲ್ಲರಿಗೂ ಅರ್ಥವಾಯಿತು.

ಅಕ್ಕನವರ ಮುಖ ಕೆಂಪಾಯಿತು. ಎದ್ದು ನಿಂತರು. “ಕ್ಷಮಿಸಿ. ಅವರು ಹಾಗೆ ಹೇಳಲಿಲ್ಲ, ನಾನು ಮೆತ್ತಗೆ ಮಾಡಿದೆ. ಅವರು ಕೇಳಿದ್ದು ಇದು: ‘ಇವತ್ತು ಬೆಳಿಗ್ಗೆ ಹಾಸಿಗೆಯಿಂದ ಏಳೋಕೆ ನೀವು ಯಾವ ಸಮಿತಿಗೆ ಅರ್ಜಿ ಹಾಕಿದ್ರಿ?’”

ಗುಮಾಸ್ತರು ಹೊತ್ತಾಯಿತೆಂದು ಗಂಟೆ ಒತ್ತಲು ಕೈ ಚಾಚಿದ್ದರು. ಅಧ್ಯಕ್ಷರು ತಮ್ಮ ಅಂಗೈಯನ್ನು ಗಂಟೆಯ ಮೇಲಿಟ್ಟು, ಮೇಷ್ಟ್ರ ಕಡೆ ತಿರುಗಿ, ಮುಂದೆ ಹೇಳಿ ಎಂದರು. ಇನ್ನೊಂದು ಮೀಟಿಂಗ್ ಏನಾಯಿತೋ ತಿಳಿಯದು.

ಗೆಲುವು ಪೂರ್ತಿಯಾಗಿ ಸಿಗಲಿಲ್ಲ ಎಂಬುದನ್ನೂ ಹೇಳಬೇಕು. ಅದೇ ನಿಧಿಯಿಂದ ದೂರದ ಬಡಾವಣೆಗಳಿಗೆ ಹೋಗುತ್ತಿದ್ದ ಚಿಕಿತ್ಸಾ ವ್ಯಾನು ನಿಂತುಹೋಯಿತು; ಅದಕ್ಕಾಗಿ ವಕೀಲೆ ಇನ್ನೂ ನ್ಯಾಯಾಲಯ ಹತ್ತಿ ಇಳಿಯುತ್ತಿದ್ದಾರೆ. ಆದರೆ ಮನೆಯ ಸಹಾಯಕರು ನಿಧಿಯಲ್ಲೇ ಉಳಿದರು. ಮಾತಿಗೆ ಹೊತ್ತು ಬೇಕಾದವರಿಗೆ ಬೇಕಾದಷ್ಟು ಹೊತ್ತು ಕೊಡಬೇಕೆಂದು ಸಮಿತಿಯ ನಿಯಮಗಳಲ್ಲೇ ಸೇರಿತು. ಅಂದು ತಾವು ಮಾಡಿದ ತಪ್ಪನ್ನು ಅಕ್ಕನವರು ಆಮೇಲೆ ಪ್ರತಿ ಹೊಸ ಸಿಬ್ಬಂದಿಗೂ ಮೊದಲ ಪಾಠವಾಗಿ ಹೇಳಿಕೊಡುತ್ತಾ ಬಂದರು.

ಬೀಳ್ಕೊಡುಗೆಯ ದಿನ ಆಸ್ಪತ್ರೆಯ ಸಭಾಂಗಣದಲ್ಲಿ ಮೊದಲ ಮಾತು ಮೇಷ್ಟ್ರದ್ದು. ಅವರ ಮಾತನ್ನು ಜೋರಾಗಿ ಹೇಳಲು ಬೆಳಗಿನ ಸಹಾಯಕನೇ ನಿಂತಿದ್ದ. ಅಕ್ಕನವರಿಗೆ ಅಂದು ಬರೀ ಕೂರುವ ಕೆಲಸ.

“ಅಕ್ಕ, ನೂರು ವರ್ಷ…” ಎಂದು ಮೇಷ್ಟ್ರು ಶುರುಮಾಡಿದರು. ಮುಂದಿನ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ನಿರೂಪಕರು ತಡೆಯಲಾರದೆ, “ನೂರು ವರ್ಷ ಬಾಳಿ ಅಂತಿದಾರೆ” ಎಂದು ಮೈಕಿನಲ್ಲಿ ಅಂದುಬಿಟ್ಟರು.

“ಅಲ್ಲ” ಎಂದರು ಮೇಷ್ಟ್ರು.

“ಸುಮ್ನಿರಪ್ಪಾ, ಅವರೇ ಮುಗಿಸಲಿ” ಎಂದು ಮುಂದಿನ ಸಾಲಿನಿಂದ ಒಬ್ಬರು ಗದರಿದರು. ತಿರುಗಿ ನೋಡಿದರೆ ಸಮಿತಿಯ ಅದೇ ಗುಮಾಸ್ತರು. ಅಕ್ಕನವರ ತುಟಿ ಅಭ್ಯಾಸದಂತೆ ಅಲ್ಲಾಡಿತು. ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಇಡೀ ಸಭೆ ಕಾದು ಕೂತಿತು. ಆಸ್ಪತ್ರೆಯ ಹಿಂಬದಿಯಿಂದ ಕೇಳಿಬರುತ್ತಿದ್ದ ಬಟ್ಟೆ ಒಗೆಯುವ ಯಂತ್ರ ಒಂದು ಸುತ್ತು ಮುಗಿಸಿ ನಿಂತಿತು.

“ನೂರು ವರ್ಷ… ನನ್ನ ಹತ್ರ… ಸೋಲ್ತಾ ಇರಿ.”

ಅಕ್ಕನವರಿಗೆ ದೀರ್ಘಾಯುಷ್ಯ ಕೋರಲು ಇದಕ್ಕಿಂತ ಒಳ್ಳೆಯ ಮಾತು ಈ ಸಂಪುಟದ ಯಾರ ಬಳಿಯೂ ಇಲ್ಲ.

“ಸೋಲ್ತೀನೋ ಇಲ್ವೋ, ಬೋರ್ಡ್ ತೆಗೀರಿ ಮೇಷ್ಟ್ರೇ” ಎಂದರು ಅಕ್ಕನವರು.

ಉಳಿದ ಭಾಷಣಕಾರರು ಸಾಲಿನಲ್ಲಿ ಕಾಯುತ್ತಿದ್ದಂತೆಯೇ ಸಹಾಯಕ ಮೇಜಿನ ಮೇಲಿನ ಹೂಗುಚ್ಛಗಳನ್ನು ಪಕ್ಕಕ್ಕೆ ಸರಿಸಿ ಚೆಸ್ ಬೋರ್ಡ್ ಹರಡಿ ಕಾಯಿ ಜೋಡಿಸಿದ. ಅಕ್ಕನವರು ಕನ್ನಡಕ ಏರಿಸಿಕೊಂಡು, ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ನಡೆಸಿ, ಮೇಷ್ಟ್ರ ಮುಖ ನೋಡುತ್ತಾ ಕೂತರು.