ಬಳೆ ಅಜ್ಜಿಯ ಇನ್ನೊಂದು ಕೈ

ಹೋದ ವಾರ ಅಲ್ಲಾಳಸಂದ್ರದಲ್ಲಿ ಒಂದು ಸೀಮಂತಕ್ಕೆ ಹೋಗಿದ್ದೆ. ಬಂದ ಹೆಂಗಸರಿಗೆಲ್ಲ ಬಾಗಿಲ ಬಳಿಯೇ ಬಳೆ ತೊಡಿಸುತ್ತಿದ್ದರು. ನನ್ನ ಕೈ ಈಗ ಮೊದಲಿನಂತಿಲ್ಲ. ಬಳೆ ಅರ್ಧಕ್ಕೆ ಸಿಕ್ಕಿಕೊಂಡು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ತೊಡಿಸುತ್ತಿದ್ದ ಹುಡುಗಿ ಬೇಸರದಿಂದ ಒಂದಿಷ್ಟು ಸೋಪಿನ ನೊರೆ ಹಚ್ಚಿದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹೀಗೇ ನೊರೆ ಹಚ್ಚಿ ಬಳೆ ತೊಡಿಸುತ್ತಿದ್ದ ಕೊಡಿಗೇಹಳ್ಳಿಯ ಬಳೆ ಅಜ್ಜಿ ನೆನಪಾಗಿ ಕಿಸಕ್ಕನೆ ನಕ್ಕುಬಿಟ್ಟೆ. ತನ್ನನ್ನೇ ನೋಡಿ ನಕ್ಕೆನೆಂದುಕೊಂಡು ಹುಡುಗಿ ಮುಖ ಊದಿಸಿಕೊಂಡಳು.

ಹತ್ತು ವರ್ಷದ ಹಿಂದೆ ನಾನು ಕೊಡಿಗೇಹಳ್ಳಿಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದೆ. ಬರುತ್ತಿದ್ದವರೆಲ್ಲ ಕೆಲಸ ಹುಡುಕುವ ವಯಸ್ಸಿನವರು. ಒಂದು ಸಂಜೆ ಎದುರುಗಡೆಯ ಬಳೆ ಅಂಗಡಿಯ ಅಜ್ಜಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, ಯಾರನ್ನೂ ಕೇಳದೆ ಮುಂದಿನ ಬೆಂಚಿನಲ್ಲಿ ಕೂತರು.

“ನಂಗೂ ಇಂಗ್ಲೀಸ್ ಏಳ್ಕೊಡಿ ಮಿಸ್ಸಮ್ಮ. ಮಮ್ಮಗ್ಳಿಗೆ ಇಸ್ಕೂಲ್ ಸೀಟ್ ಬೇಕು.”

ಮಗಳು ಗಾರ್ಮೆಂಟ್ಸಿಗೆ, ಅಳಿಯ ಕ್ಯಾಬ್ ಓಡಿಸಲು ಹೋದರೆ ಮಗು ಇಡೀ ದಿನ ಅಜ್ಜಿಯ ಅಂಗಡಿಯಲ್ಲೇ ಬೆಳೆಯುತ್ತಿತ್ತು. ಹಿಂದಿನ ವರ್ಷ ಒಂದು ಶಾಲೆಯವರು ಅಪ್ಪ ಅಮ್ಮನನ್ನು ಕೂರಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ್ದರಂತೆ. ಇಬ್ಬರೂ ಬೆವರಿದ್ದೇ ಬಂತು, ಸೀಟು ಸಿಗಲಿಲ್ಲ. ಈ ಸಲ ಇನ್ನೊಂದು ಶಾಲೆ. ಮಾತಾಡುವ ಜವಾಬ್ದಾರಿಯನ್ನು ಅಜ್ಜಿ ತಾವೇ ವಹಿಸಿಕೊಂಡಿದ್ದರು. ಮಗು ಹೇಗೆ ಅಂತ ಖಂಡಿತ ಕೇಳುತ್ತಾರೆ, ಅದಕ್ಕೊಂದು ಭಾರಿ ಉತ್ತರ ಬೇಕು ಎಂದರು.

ನಾನು ಆ ವಾರ ‘ಆನ್ ದಿ ಒನ್ ಹ್ಯಾಂಡ್, ಆನ್ ದಿ ಅದರ್ ಹ್ಯಾಂಡ್’ ಕಲಿಸುತ್ತಿದ್ದೆ. ಒಂದು ಕಡೆ ಹೀಗೆ, ಇನ್ನೊಂದು ಕಡೆ ಅದಕ್ಕೆ ವಿರುದ್ಧ ಎಂದು ಬೋರ್ಡಿನ ಮೇಲೆ ಬರೆದು, ಎಲ್ಲರೂ ಒಂದೊಂದು ವಾಕ್ಯ ಮಾಡಿ ಎಂದೆ. ‘ಹ್ಯಾಂಡ್’ ಎಂದ ಕೂಡಲೇ ಅಜ್ಜಿಯ ಮುಖ ಅರಳಿತು. ಕೈ ಅಂದರೆ ಅವರ ಕಸುಬಲ್ಲವೇ! ಎಲ್ಲರಿಗಿಂತ ಮೊದಲು ಎದ್ದು ನಿಂತು, ಒಂದು ಕೈಗೆ ಒಂದು ಡಜನ್ ಹಸಿರು ಬಳೆ, ಇನ್ನೊಂದು ಕೈಗೂ ಒಂದು ಡಜನ್ ಹಸಿರು ಬಳೆ ಎಂಬರ್ಥದ ವಾಕ್ಯ ಹೇಳಿದರು.

“ಅಜ್ಜಿ, ಎರಡೂ ಒಂದೇ ಆಯ್ತಲ್ಲ? ಇನ್ನೊಂದು ಕೈಯಲ್ಲಿ ಬೇರೆ ಇರ್ಬೇಕು” ಎಂದೆ.

“ಚೆನ್ನಾಗೇಳಿದ್ರಿ! ಒಂದ್ ಕೈಗೆ ಅಸ್ರು, ಇನ್ನೊಂದ್ ಕೈಗೆ ಕೆಂಪು ತೊಡ್ಸಿದ್ರೆ ಗಿರಾಕಿ ಸುಮ್ಕೆ ಬುಟ್ಟಾಳಾ?”

ಅಷ್ಟೇ ಆಗಿದ್ದರೆ ಸಂಭಾಳಿಸಬಹುದಿತ್ತು. ನಿಜವಾದ ಕಂಟಕ ಹಕಾರ. ಅಜ್ಜಿ ಹಳೇ ಕೊಡಿಗೇಹಳ್ಳಿಯವರು. ಅವರ ಬಾಯಲ್ಲಿ ಹಾಲು ಆಲು, ಹೂವು ಊವು. ಹಾಗಾಗಿ ‘ಹ್ಯಾಂಡ್’ ಎಂಬುದು ‘ಅಂಡು’ ಆಯಿತು. ಆನ್ ದಿ ಒನ್ ಅಂಡು, ಆನ್ ದಿ ಅದರ್ ಅಂಡು! ಹಿಂದಿನ ಬೆಂಚಿನವರು ಡೆಸ್ಕಿಗೆ ಹಣೆ ಕೊಟ್ಟು ನಕ್ಕರು. ತಪ್ಪು ಉಚ್ಚಾರಣೆ ಕೇಳಿದರೆ ಮೈ ಉರಿಯುವ ಜಾತಿ ನಾನು. ಅವತ್ತು ನಾನೂ ನಗು ಮುಚ್ಚಿಕೊಳ್ಳಲು ಬೋರ್ಡಿನ ಕಡೆ ತಿರುಗಿಕೊಂಡು ಸುಮ್ಮನೆ ಒರೆಸಿದೆ.

ನಕ್ಕದ್ದು ಯಾಕೆಂದು ತಿಳಿದಾಗ ಅಜ್ಜಿ ಬಿದ್ದು ಬಿದ್ದು ನಕ್ಕರು. ಆಮೇಲೆ ಗಂಭೀರವಾದರು. “ಇಸ್ಕೂಲ್ ಮೇಡಮ್ಮನ ಮುಂದೆ ಇಂಗಂದ್ರೆ ಮಗೀನ ಗತಿ ಏನು?” ಎಂದರು. ನನಗೂ ದಿಗಿಲಾಯಿತು. ವಾಕ್ಯ ಬದಲಾಯಿಸೋಣವೆಂದೆ. ಒಪ್ಪಲಿಲ್ಲ. ಕೈ ಇರುವ ವಾಕ್ಯವೇ ಬೇಕೆಂದು ಹಟ.

ಕನ್ನಡಕ ಒರೆಸುವಾಗ ಬಾಯಿಂದ ಹಾ ಎಂದು ಆವಿ ಬಿಡುತ್ತೇವಲ್ಲ, ಹಾಗೆ ಉಸಿರು ಬಿಡಿ ಎಂದು ಹೇಳಿಕೊಟ್ಟೆ. ಅಜ್ಜಿ ಅಂಗಡಿಯಲ್ಲಿ ಕೂತು ಇಡೀ ದಿನ ಹಾ ಹಾ ಎಂದರು. ಅಜ್ಜಿ ಖಾರ ತಿಂದಿರಬೇಕೆಂದು ಗಿರಾಕಿಗಳು ನೀರು ಕೊಡಲು ಬಂದರಂತೆ. ಕಡೆಗೂ ಹಕಾರ ಬಂತು, ಆದರೆ ಬೇಡದ ಕಡೆಗೆಲ್ಲ ಬಂತು. ಬೇಕರಿಯವನ ಹತ್ತಿರ “ಹರ್ಧ ಲೀಟ್ರು ಆಲು ಕೊಡಪ್ಪಾ” ಎಂದರು. ಕ್ಲಾಸಿಗೆ ಬಂದು “ಹಾನ್ ದಿ ಹದರ್ ಅಂಡು” ಎಂದರು. ನಾನು ತಲೆ ಚಚ್ಚಿಕೊಂಡೆ.

ಇಂಟರ್‌ವ್ಯೂ ದಿನ ನನಗೆ ಪಾಠ ಮಾಡಲು ಮನಸ್ಸೇ ಬರಲಿಲ್ಲ. ಸಂಜೆ ಅಜ್ಜಿ ಬಂದು ಎಲ್ಲರೆದುರು ಅಭಿನಯಿಸಿ ತೋರಿಸಿದರು. ಮೇಡಂ ಮಗುವಿನ ಬಗ್ಗೆ ಹೇಳಿ ಎಂದರಂತೆ. ಮಗು ಅಷ್ಟರಲ್ಲಿ ಮೇಜಿನ ಮೇಲಿದ್ದ ಗ್ಲೋಬನ್ನು ಗಿರಗಿರ ತಿರುಗಿಸಿ ಕೆಳಗೆ ಕೆಡವಿತ್ತು.

“ಆನ್ ದಿ ಒನ್ ಅಂದೆ ಮಿಸ್ಸಮ್ಮ. ಆ ಅಡ್ನಾಡಿ ಮಾತು ನಾಲ್ಗೆ ತುದೀಗೇ ಬಂದ್ಬುಡ್ತು. ಲಬಕ್ಕಂತ ನುಂಗ್ಕಂಡೆ!”

ನುಂಗಿಕೊಂಡು ಏನು ಮಾಡಿದರು? ಬಲಗೈಯನ್ನು ಬಳೆ ಸಮೇತ ಎತ್ತಿ ಹಿಡಿದರು. “ಆನ್ ದಿ ಒನ್...” ಕೈ ಝಲ್ಲೆಂದಿತು. “ಶಿ ಈಸ್ ನಾಟಿ.” ಆಮೇಲೆ ಎಡಗೈ. “ಆನ್ ದಿ ಅದರ್...” ಝಲ್. “ಶಿ ಈಸ್ ವೆರಿ ಇಂಟಲಿಜೆಂಟು.” ಮೇಡಂ ಬಿದ್ದ ಗ್ಲೋಬನ್ನೊಮ್ಮೆ, ಅಜ್ಜಿಯನ್ನೊಮ್ಮೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಸೀಟು ಸಿಕ್ಕಿತು. ಅಂದು ಬೇಕರಿಯಿಂದ ನಮಗೆಲ್ಲ ದಿಲ್‌ಪಸಂದ್ ಬಂತು.

ಜೂನಿನಲ್ಲಿ ಮಗು ಶಾಲೆಯ ವ್ಯಾನ್ ಹತ್ತಿತು. ಅಜ್ಜಿ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದರು. ಒಂದು ಮಧ್ಯಾಹ್ನ ಅಂಗಡಿಗೆ ಹೋದರೆ ಸುಮ್ಮನೆ ರಸ್ತೆ ನೋಡುತ್ತಾ ಕೂತಿದ್ದರು.

“ಸೀಟೇನೋ ಸಿಕ್ತು ಮಿಸ್ಸಮ್ಮ. ಅಂಗ್ಡಿ ಬಣಬಣ ಅಂತೈತೆ. ಇನ್ನೊಂದ್ ಕೈಯಾಗೆ ಬ್ಯಾರೆ ಇರ್ಬೇಕು ಅಂದ್ರಲ್ಲ, ಅದು ಇದೇ ಏನು?”

ಹೌದು ಅಜ್ಜಿ, ಇದೇ ಎಂದೆ. ಮತ್ತೆ ಕ್ಲಾಸಿಗೆ ಬನ್ನಿ ಎಂದು ಕರೆದೆ. ಇನ್ನು ಕಲಿಯೋಳು ಅವಳು, ನಂಗ್ಯಾಕೆ ಎಂದುಬಿಟ್ಟರು... ಆಮೇಲೆ ಅವರ ಬಾಯಲ್ಲಿ ನಾನು ಇಂಗ್ಲಿಷ್ ಕೇಳಲೇ ಇಲ್ಲ.

ಅಜ್ಜಿ ತೀರಿಕೊಂಡು ಒಂದು ವರ್ಷವಾಯಿತು. ಸುದ್ದಿ ನನಗೆ ತಡವಾಗಿ ತಲುಪಿತ್ತು. ಸೀಮಂತ ಮುಗಿದ ಮೇಲೆ ಮನಸ್ಸು ತಡೆಯದೆ ಈ ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ತೆಗೆದದ್ದು ಮೊಮ್ಮಗಳು, ಈಗ ಹೈಸ್ಕೂಲ್ ಹುಡುಗಿ. ಬೇಕರಿ ಮೇಲಿನ ಇಂಗ್ಲಿಷ್ ಮಿಸ್ ಎಂದು ಪರಿಚಯ ಹೇಳಿಕೊಂಡೆ. ಕಾಫಿ ತಂದುಕೊಟ್ಟು, ಶಾಲೆಯ ಡಿಬೇಟಿನಲ್ಲಿ ಬಹುಮಾನ ಬಂದದ್ದನ್ನು ಚಿನಕುರುಳಿ ಇಂಗ್ಲಿಷಿನಲ್ಲಿ ಹೇಳಿದಳು. ಮಧ್ಯೆ ಒಮ್ಮೆಲೇ ಕನ್ನಡಕ್ಕೆ ತಿರುಗಿದಳು.

“ನಾನು ಸ್ಟೇಜ್ ಮೇಲೆ ಮಾತಾಡಿದ್ರೆ ಅಜ್ಜಿ ಮುಂದಿನ ಸಾಲಲ್ಲಿ ಕೂತು ಜೋರಾಗಿ ಚಪ್ಪಾಳೆ ಹೊಡೀತಿದ್ರು. ಪಾಪ, ಅವ್ರಿಗೆ ಒಂದು ಸೆಂಟೆನ್ಸ್ ಇಂಗ್ಲಿಷ್ ಕೂಡ ಬರ್ತಿರ್ಲಿಲ್ಲ ಅಲ್ವಾ ಮಿಸ್?”

“ಬರ್ತಿತ್ತು. ಒಂದೇ ಒಂದು. ನಾನೇ ಕಲಿಸಿದ್ದು.”

“ಹೌದಾ? ಏನದು, ಬಳೆ ರೇಟಾ?” ಎಂದು ನಕ್ಕಳು.

“ಅಲ್ಲಮ್ಮ. ನಿನ್ನ ಬಗ್ಗೆ.”

ಹುಡುಗಿಯ ನಗು ಅಲ್ಲೇ ನಿಂತಿತು. ನನ್ನ ಪಕ್ಕಕ್ಕೆ ಬಂದು ಕೂತು, “ಹೇಳಿ ಮಿಸ್” ಎಂದಳು. “ಆನ್ ದಿ ಒನ್...” ಎಂದು ನಾನು ಬಲಗೈ ಎತ್ತಿದೆ, ಸೀಮಂತದ ಬಳೆಗಳು ಝಲ್ಲೆಂದವು.