ನಾಲ್ಕು ಕಾವಲುಗಾರರ ಯಜಮಾನರು
ಕಂಪ್ಯೂಟರ್ ರಿಪೇರಿಯವಳು ನಿವೃತ್ತ ಸಾಹೇಬರ ಮನೆಗೆ ಮೊದಲ ಸಲ ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ. ಇಸ್ತ್ರಿಯ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಅವರು ಕಂಪ್ಯೂಟರಿನ ಮುಂದೆ ಕಚೇರಿಗೆ ಬಂದವರಂತೆ ಕೂತಿದ್ದರು. ಅದರೊಳಗೆ ನಾಲ್ಕು ಆಂಟಿವೈರಸ್‌ಗಳಿದ್ದವು. ವೈರಸ್ ಮಾತ್ರ ಒಂದೂ ಇರಲಿಲ್ಲ. ಪಾಪ, ಅದಕ್ಕೆ ಕಾಲಿಡಲು ಜಾಗವಾದರೂ ಎಲ್ಲಿತ್ತು! ಒಂದು ಇನ್ನೊಂದನ್ನು ಕಳ್ಳನೆಂದು ಹಿಡಿಯುತ್ತಿತ್ತು, ಮೂರನೆಯದು ಅವೆರಡನ್ನೂ ಕೂಡಿಹಾಕುತ್ತಿತ್ತು, ನಾಲ್ಕನೆಯದು ಎಲ್ಲರ ಮೇಲೂ ಸಾಹೇಬರಿಗೆ ದೂರು ಹೇಳುತ್ತಿತ್ತು. “ಈ ಕಂಪ್ಯೂಟರ್ ಆನ್ ಆಗೋದ್ರೊಳಗೆ ನಾನು ಬಟ್ಟೆ ಒಗೆದು ಒಣಗಿಸಿರ್ತೀನಿ ಕಣಮ್ಮಾ,” ಎಂದರು ಅವರ ಹೆಂಡತಿ. “ಭದ್ರತೆ ವಿಷಯ ನಿನಗೇನು ಗೊತ್ತು, ಸುಮ್ನಿರೇ,” ಎಂದು ಸಾಹೇಬರು ಗದರಿದರು. “ಸರ್, ಒಂದೇ ಸಾಕು. ಮೂರನ್ನ ತೆಗೆದುಬಿಡ್ತೀನಿ,” ಎಂದು ಅವಳು ಮೌಸಿಗೆ ಕೈ ಹಾಕುವಷ್ಟರಲ್ಲಿ, ‘ಈ ಪ್ರೋಗ್ರಾಮನ್ನು ತಡೆಯಲು ಅನುಮತಿ ನೀಡುವಿರಾ?’ ಎಂಬ ಪ್ರಶ್ನೆ ಪರದೆಯ ಮೇಲೆ ಮೂಡಿತು. ಸಾಹೇಬರು ಬೆನ್ನು ನೆಟ್ಟಗೆ ಮಾಡಿ, ಕನ್ನಡಕ ಏರಿಸಿ, ಎರಡು ಸಲ ಓದಿ, ‘ಹೌದು’ ಒತ್ತಿದರು. “ಇರ್ಲಿ ಬಿಡಮ್ಮ,” ಎಂದರು ಮೆಲ್ಲಗೆ, “ರಿಟೈರ್ ಆದ್ಮೇಲೆ ನನ್ನನ್ನ ಕೇಳಿ ಕೆಲಸ ಮಾಡೋರು ಅಂದ್ರೆ ಇವು ನಾಲ್ಕೇ.” ಅವಳು ಒಂದನ್ನೂ ತೆಗೆಯದೆ ಬ್ಯಾಗಿನ ಜಿಪ್ ಎಳೆದಳು. ಸಾಹೇಬರು ಈಗ ವಾರಕ್ಕೆ ಆರು ದಿನ ಕೂತು ಅನುಮತಿ ಕೊಡುತ್ತಾರೆ.