ಎಡಗೈಯಲ್ಲಿ ಬರೆದ ಚೀಟಿಗಳು

ಹೊಸ ತಿಪ್ಪಸಂದ್ರದ ನಮ್ಮ ಓದುವ ಕೂಟದಲ್ಲಿ ಒಬ್ಬಾಕೆಯ ಚೀಟಿ ಮೂರು ತಿಂಗಳು ಸಾಲಾಗಿ ಸೋತಿತು. ಸೋಲಿಸಿದವನು ನಾನು. ಬೇಕೆಂದೇ ಮಾಡಿದ್ದಲ್ಲ ಎಂದು ಈಗ ಹೇಳಿಕೊಳ್ಳಬಹುದು, ಆದರೆ ನಾನು ಬೇಕೆಂದು ಮಾಡಿದ ಅನಾಹುತಗಳಿಗಿಂತ ಗೊತ್ತಿಲ್ಲದೆ ಮಾಡಿದವೇ ಜಾಸ್ತಿ. ಆಕೆಗೆ ಬೇಕಾಗಿದ್ದುದು ಇಷ್ಟೇ: ತಾನೊಬ್ಬಳೇ ಓದಿ ಮುಗಿಸಿದ್ದ ಒಂದು ಕಾದಂಬರಿಯನ್ನು ಉಳಿದ ಎಂಟು ಜನರೂ ಓದಬೇಕು, ಒಂದು ಭಾನುವಾರ ಕೂತು ಅದರ ಬಗ್ಗೆ ಮಾತಾಡಬೇಕು, ಅದೂ ತಾನು ಆ ಬಡಾವಣೆ ಬಿಟ್ಟು ಹೋಗುವುದರೊಳಗೆ. ನನಗೆ ಬೇಕಾಗಿದ್ದುದು ನಗು. ಮೂರು ತಿಂಗಳು ನಗುವೇ ಗೆದ್ದಿತು.

ಎರಡು ಸಾವಿರನೇ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನನಗಾಗ ಇಪ್ಪತ್ತೆರಡು. ಮನೆ ಹಲಸೂರಿನಲ್ಲಿ, ಕೆಲಸ ಇಂದಿರಾನಗರದ ಒಂದು ಕೊರಿಯರ್ ಆಫೀಸಿನಲ್ಲಿ, ಗಣೇಶನ ಹಬ್ಬದ ಸೀಸನ್ನಿನಲ್ಲಿ ಆರ್ಕೆಸ್ಟ್ರಾದವರ ಜೊತೆ ಹೋಗಿ ಹಾಡಿಗೂ ಹಾಡಿಗೂ ನಡುವೆ ಮಿಮಿಕ್ರಿ. ನಮ್ಮ ಬೀದಿಯಲ್ಲಿ ಎಡಗಡೆ ಮನೆ ತಮಿಳು, ಬಲಗಡೆಯದು ಉರ್ದು, ಎದುರಿನದು ತೆಲುಗು. ಹುಟ್ಟಿದಾಗಿನಿಂದ ನಲ್ಲಿ ಜಗಳವನ್ನು ನಾಲ್ಕು ಭಾಷೆಯಲ್ಲಿ ಕೇಳಿಸಿಕೊಂಡವನು ಮಿಮಿಕ್ರಿ ಕಲಿಯದೆ ಇನ್ನೇನು ಕಲಿತಾನು. ಬಸ್ ಕಂಡಕ್ಟರು, ನಮ್ಮ ಮ್ಯಾನೇಜರು, ನಮ್ಮಪ್ಪ, ನಮ್ಮಪ್ಪನ ಕೆಮ್ಮು, ಎಲ್ಲವೂ ನನ್ನ ಗಂಟಲಲ್ಲಿದ್ದವು. ಹುಡುಗಿಯರ ಮುಂದೆ ಸ್ವಂತ ದನಿಯಲ್ಲಿ ಮಾತಾಡಲು ಹೋದರೆ ಮಾತ್ರ ಆ ಗಂಟಲು ಕಟ್ಟಿಕೊಳ್ಳುತ್ತಿತ್ತು.

ಓದುವ ಕೂಟಕ್ಕೆ ನಾನು ಸೇರಿದ್ದು ಪುಸ್ತಕದ ಆಸೆಗಲ್ಲ. ಅಲ್ಲಿ ಎಂಟು ಜನ ಎರಡು ಗಂಟೆ ಹೊತ್ತು ಎದ್ದು ಹೋಗದೆ ಕೂರುತ್ತಾರೆ ಎಂದು ಕೇಳಿದ್ದೆ. ಅಂಥ ಪ್ರೇಕ್ಷಕರು ಆರ್ಕೆಸ್ಟ್ರಾದಲ್ಲೂ ಸಿಗುತ್ತಿರಲಿಲ್ಲ.

ಕೂಟ ಸೇರುತ್ತಿದ್ದುದು ಮಾರ್ಕೆಟ್ ರಸ್ತೆಯ ಹಿಂದಿನ ನಾಲ್ಕಂತಸ್ತಿನ ಮನೆಯೊಂದರ ಹಾಲಿನಲ್ಲಿ, ಭಾನುವಾರ ಸಂಜೆ ನಾಲ್ಕಕ್ಕೆ. ಆ ಮನೆಯೊಡತಿಯನ್ನು ಊರೆಲ್ಲ ಓನರಮ್ಮ ಎನ್ನುತ್ತಿತ್ತು. ತಿಪ್ಪಸಂದ್ರ ಹಳ್ಳಿಯಾಗಿದ್ದಾಗ ಆ ಜಾಗದಲ್ಲಿ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ, ಈಗ ಅಲ್ಲಿ ಬಾಡಿಗೆ ರೂಮುಗಳು ಬೆಳೆದಿದ್ದವು. ಅರವತ್ತು ದಾಟಿದ್ದ ಓನರಮ್ಮನಿಗೆ ಕಾದಂಬರಿಯ ಹುಚ್ಚು. ಮಾರ್ಕೆಟ್ ರಸ್ತೆಯ ಲೈಬ್ರರಿಯವನು ಅಂಗಡಿ ಮುಚ್ಚಿದಾಗ ಅವನ ಎರಡು ಬೀರು ಪುಸ್ತಕಗಳನ್ನು ಬೀರುಗಳ ಸಮೇತ ಲಗೇಜ್ ಆಟೋದಲ್ಲಿ ಹೇರಿಸಿಕೊಂಡು ಬಂದಿದ್ದರು.

ಎಲ್ಲ ಪುಸ್ತಕವೂ ಒಂದೊಂದೇ ಪ್ರತಿ. ಒಬ್ಬರಿಗೆ ಮೂರು ದಿನ, ಒಂಬತ್ತು ಜನಕ್ಕೆ ಇಪ್ಪತ್ತೇಳು ದಿನ, ತಿಂಗಳಲ್ಲಿ ಮಿಕ್ಕ ಮೂರು ದಿನ ಪುಸ್ತಕ ತಡ ಮಾಡಿದ್ದು ಯಾರು ಎಂಬ ಜಗಳಕ್ಕೆ. ಈ ವೇಳಾಪಟ್ಟಿ ಹಾಕಿದವರು ಇನ್‌ಸ್ಪೆಕ್ಷನ್ ಅಂಕಲ್. ಪಕ್ಕದ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಮಾಡಿ ನಿವೃತ್ತರಾಗಿದ್ದವರು. ಮನೆಯಲ್ಲಿ ಹೆಂಡತಿ ಮಾಡಿದ ದೋಸೆಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು ಎಂದು ನಾನು ಸುದ್ದಿ ಹಬ್ಬಿಸಿದ್ದೆ.

ತಿಂಗಳ ವಿಷಯವನ್ನು ಆರಿಸುವ ಪದ್ಧತಿಯೂ ಅವರದೇ. ಮೊದಲ ಭಾನುವಾರ ಪ್ರತಿಯೊಬ್ಬರೂ ಒಂದು ವಿಷಯ ಬರೆದ ಚೀಟಿಯನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಒಬ್ಬರು ಎಲ್ಲವನ್ನೂ ಓದಿ ಹೇಳಬೇಕು, ಉಳಿದವರು ಕೈ ಎತ್ತಬೇಕು. ಹೆಚ್ಚು ಕೈ ಬಂದ ವಿಷಯ ಗೆದ್ದ ಮೇಲಷ್ಟೇ ಚೀಟಿಯವರು ಎದ್ದು ನಿಂತು, ಆ ವಿಷಯಕ್ಕೆ ಹೊಂದುವ ಪುಸ್ತಕವನ್ನು ಬೀರುವಿನಿಂದ ತೆಗೆದುಕೊಡಬೇಕು. ಅಲ್ಲಿಯವರೆಗೂ ಯಾರ ಚೀಟಿ ಎಂದು ಯಾರಿಗೂ ತಿಳಿಯಬಾರದು. ಕೈಬರಹದಿಂದ ಗುಟ್ಟು ಬಯಲಾಗಬಾರದೆಂದು ಅಂಕಲ್ ಒಂದು ನಿಯಮ ಮಾಡಿದ್ದರು: ಚೀಟಿಯನ್ನು ಎಲ್ಲರೂ ಎಡಗೈಯಲ್ಲೇ ಬರೆಯಬೇಕು.

ಒಂಬತ್ತು ಜನ ದೊಡ್ಡವರು ಗೋಡೆ ಕಡೆ ತಿರುಗಿ ಕೂತು, ನಾಲಿಗೆ ಕಚ್ಚಿಕೊಂಡು, ಎಡಗೈಯಲ್ಲಿ ಪೆನ್ಸಿಲ್ ಒತ್ತುತ್ತಿದ್ದ ಆ ಐದು ನಿಮಿಷ ಬಾಲವಾಡಿಯಂತೆ ಇರುತ್ತಿತ್ತು. ಅಕ್ಷರಗಳೋ, ಮಸಿಯಲ್ಲಿ ಬಿದ್ದ ಜಿರಳೆ ಓಡಾಡಿದ ಹಾಗೆ.

ಓದಿ ಹೇಳುವ ಕೆಲಸ ನನಗೆ ಬಂತು, ದನಿ ಗಟ್ಟಿ ಎಂದು. ಕೊಟ್ಟವರು ಪಶ್ಚಾತ್ತಾಪ ಪಡಬೇಕಾಯಿತು. ನಾನು ಪ್ರತಿ ಚೀಟಿಯನ್ನೂ ಬರೆದವರು ಇವರೇ ಇರಬೇಕು ಎಂದು ಊಹಿಸಿ ಅವರ ದನಿಯಲ್ಲೇ ಓದತೊಡಗಿದೆ. ‘ಶಿಸ್ತು: ಒಂದು ಮರುಚಿಂತನೆ’ ಎಂದು ಬಂದರೆ ಅದು ಅಂಕಲ್ಲದು ಎಂದು ತಿಳಿಯಲು ಕೈಬರಹ ಬೇಕಿರಲಿಲ್ಲ. “ಪ್ರೊಸೀಜರ್ ಅಂದ್ರೆ ಪ್ರೊಸೀಜರು” ಎಂದು ಮೂಗಿನಲ್ಲಿ ಶುರು ಮಾಡುತ್ತಿದ್ದೆ. ಎರಡನೇ ಕ್ರಾಸಿನ ಸ್ಕೂಲ್ ಮೇಡಂ ತಿಂಗಳು ತಿಂಗಳೂ ‘ತಾಯ್ತನ’ ಎಂದು ಬರೆಯುತ್ತಿದ್ದರು, ಅದನ್ನು ಹಾಜರಿ ಕೂಗುವ ರಾಗದಲ್ಲಿ ಓದುತ್ತಿದ್ದೆ. ನಾನು ಬರೆಯುತ್ತಿದ್ದುದು ‘ಹಾಸ್ಯ’. ಅದನ್ನು ಕೂಡ ನನ್ನನ್ನೇ ಅಣಕಿಸಿಕೊಂಡು ಓದುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ಒಬ್ಬರೂ ಕೈ ಎತ್ತುತ್ತಿರಲಿಲ್ಲ. ನಗಿಸಿದ ಚೀಟಿಗೆ ಓಟು ಬೀಳುವುದಿಲ್ಲ ಎಂಬ ಪಾಠವನ್ನು ಆಗಲೇ ಕಲಿಯಬಹುದಿತ್ತು. ಕಲಿಯಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಡಬ್ಬಿಯಲ್ಲಿ ಒಂದು ವಿಚಿತ್ರ ಚೀಟಿ ಬಂತು. ಎಂಟು ಚೀಟಿಗಳಲ್ಲಿ ಜಿರಳೆ ಓಡಾಡಿದ್ದರೆ ಇದರಲ್ಲಿ ಮಾತ್ರ ದುಂಡಗೆ, ಸಾಲು ತಪ್ಪದೆ, ಎರಡೇ ಪದ: ‘ಬಾಡಿಗೆ ಮನೆ’. ಯಾರೋ ನಿಯಮ ಮುರಿದು ಬಲಗೈಯಲ್ಲಿ ಬರೆದಿದ್ದಾರೆ ಎಂದುಕೊಂಡೆ. ಅಂಕಲ್ ನಿಯಮವನ್ನು ಮುರಿಯುವ ಧೈರ್ಯ ಆ ಹಾಲಿನಲ್ಲಿ ಒಬ್ಬರಿಗೇ ಇತ್ತು, ಮನೆ ಯಾರದೋ ಅವರಿಗೆ. ವಿಷಯವೂ ಅವರಿಗೇ ಹೊಂದುತ್ತಿತ್ತು. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ಓನರಮ್ಮನಾದೆ.

“ಬಾಡಿಗೆ ಮನೆ. ಯಾರ್ರೀ ಅದು ಮೂರನೇ ಫ್ಲೋರು, ಬಟ್ಟೆ ಒಗೆಯೋದೆಲ್ಲ ಆರ್ ಗಂಟೆ ಒಳಗೆ ಮುಗಿಸ್ಕೊಳ್ಳಿ. ಆರಾದ್ಮೇಲೆ ಮೋಟ್ರು ಆಫು. ಗೋಡೆಗೆ ಮೊಳೆ ಹೊಡೆದ್ರೆ ಅಡ್ವಾನ್ಸಲ್ಲಿ ಕಟ್ ಮಾಡ್ತೀನಿ, ಹೇಳ್ಬಿಟ್ಟಿದೀನಿ.”

ಎಲ್ಲರೂ ಬಿದ್ದುಬಿದ್ದು ನಕ್ಕರು. ಓನರಮ್ಮ ಕಣ್ಣೊರೆಸಿಕೊಂಡು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, “ಲೋ, ನಿನ್ನ ಬಾಯಿಗೆ ಬೀಗ ಹಾಕ” ಎಂದರು. ಅಂಕಲ್ ಆ ಚೀಟಿಗೆ ಓಟು ಕೇಳುವುದನ್ನೇ ಮರೆತರು. ಮುಂದಿನ ತಿಂಗಳೂ ಅದೇ ಚೀಟಿ, ಅದೇ ದನಿ, ಈ ಸಲ ಮೋಟರಿನ ಜೊತೆ ಗೇಟಿನ ಬೀಗವೂ ಸೇರಿತು. ಮೂರನೆಯ ತಿಂಗಳು ನಾನು ಚೀಟಿ ಬಿಚ್ಚುವ ಮೊದಲೇ ನಗು ಶುರುವಾಗಿತ್ತು.

ನಮ್ಮಮ್ಮನ ಬ್ಲೌಸು ತರಲು ಮಾರ್ಕೆಟ್ ರಸ್ತೆಯ ಟೈಲರ್ ಅಂಗಡಿಗೆ ಹೋಗದೆ ಇದ್ದಿದ್ದರೆ ಇದು ಹೀಗೇ ಮುಂದುವರಿಯುತ್ತಿತ್ತು. ಅಲ್ಲಿ ಹೊಲಿಯುತ್ತಿದ್ದ ಅಕ್ಕನೂ ನಮ್ಮ ಕೂಟದವರೇ. ರಾಯಚೂರು ಕಡೆಯವರು, ಗಂಡ ಗಾರೆ ಕೆಲಸದವರು, ಓನರಮ್ಮನ ಕಟ್ಟಡದ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದರು. ಒಮ್ಮೆ ನೀರಿನ ವಿಚಾರ ಕೇಳಲು ಮೇಲೆ ಹೋದವರು ಬೀರುವಿನ ಮುಂದೆ ನಿಂತೇಬಿಟ್ಟರಂತೆ. “ಓದ್ತೀಯೇನೇ?” ಎಂದು ಓನರಮ್ಮ ಕೇಳಿದ್ದಕ್ಕೆ, “ಸಿಕ್ಕರ ಬಿಡಂಗಿಲ್ರಿ” ಎಂದಿದ್ದರಂತೆ. ಕೂಟದಲ್ಲಿ ಬಾಗಿಲ ಬಳಿ ಚಾಪೆಯ ತುದಿಯಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದರು, ಮಾತು ಬಹಳ ಕಡಿಮೆ. ಹಾಗಾಗಿ ಅವರೊಬ್ಬರ ದನಿ ಮಾತ್ರ ನನ್ನ ಗಂಟಲಿಗೆ ಸಿಕ್ಕಿರಲಿಲ್ಲ.

ನಾಲ್ಕನೆಯ ತಿಂಗಳ ಮೊದಲ ವಾರ ನಾನು ಹೋದಾಗ ಅಕ್ಕ ಅಳತೆ ಪುಸ್ತಕದಲ್ಲಿ ಯಾರದೋ ತೋಳಿನ ಉದ್ದ ಬರೆದುಕೊಳ್ಳುತ್ತಿದ್ದರು. ದುಂಡಗೆ, ಸಾಲು ತಪ್ಪದೆ. ಎಡಗೈಯಲ್ಲಿ.

ನೋಡುತ್ತ ನಿಂತೆ. ಆಕೆ ಹುಟ್ಟಾ ಎಡಗೈಯವರು. ನಿಯಮ ಮುರಿದವರಲ್ಲ, ಇಡೀ ಕೂಟದಲ್ಲಿ ಅದನ್ನು ಸಲೀಸಾಗಿ ಪಾಲಿಸಿದವರು ಅವರೊಬ್ಬರೇ.

“ಅಕ್ಕ, ಬಾಡಿಗೆ ಮನೆ ಚೀಟಿ ನಿಮ್ದಾ?”

“ಅದು ಹೇಳಬಾರ್ದಲ್ಲ ತಮ್ಮಾ. ರೂಲ್ಸ್ ಅದ.” ಬ್ಲೌಸನ್ನು ಮಡಚಿ ಪೇಪರಿನಲ್ಲಿ ಸುತ್ತಿದರು. “ನೀ ಓನರ್ ಅಮ್ಮಾರ ದನಿ ಭಾಳ ಛಂದ ತೆಗೀತಿ. ನಾನೂ ನಕ್ಕೀನಿ.”

ಪೊಟ್ಟಣ ಇಸಿದುಕೊಂಡೆ. “ಯಾಕಕ್ಕ ಅದೇ ಬೇಕು?” ಎಂದೆ.

“ಆ ಬೀರುದಾಗ ಒಂದು ಕಾದಂಬರಿ ಅದ. ಗಂಡ ಹೆಂಡ್ತಿ ರೂಮಿನಿಂದ ರೂಮಿಗೆ ಹೊಂಟಿರ್ತಾರ. ಓದಿ ಇಟ್ಟೆ. ಆದ್ರ ಯಾರ ಕೂಡ ಮಾತಾಡ್ಲಿ? ನಮ್ಮ ಮನೆಯವ್ರು ಕೇಳ್ತಾ ಕೇಳ್ತಾ ಮಲಗ್ತಾರ.” ಸೂಜಿಗೆ ದಾರ ಪೋಣಿಸಿಕೊಂಡರು. “ಈ ತಿಂಗಳು ಮುಗಿದ್ರ ನಾವು ಕಲ್ಯಾಣ ನಗರಕ್ಕ ಹೋಗ್ತೀವಿ. ಅವ್ರಿಗಿ ಅಲ್ಲೇ ಕೆಲಸ ಸಿಕ್ಕದ. ಅಲ್ಲಿಂದ ಎರಡು ಬಸ್ಸು ಹತ್ತಿ, ಕೂಸು ಕಟ್ಕೊಂಡು ಬರೂದು ಆಗಂಗಿಲ್ಲ. ಈ ಐತಾರದ್ದೇ ಕಡೀ ಚೀಟಿ.”

ಆ ಭಾನುವಾರ ನಾನು ಒಂದೇ ಒಂದು ದನಿ ತೆಗೆಯಲಿಲ್ಲ. ‘ಶಿಸ್ತು’, ‘ತಾಯ್ತನ’ ಎರಡನ್ನೂ ಬಸ್ಸಿನ ಬೋರ್ಡು ಓದಿದ ಹಾಗೆ ಓದಿದೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಸ್ಕೂಲ್ ಮೇಡಂ, “ಜ್ವರಾನೇನೋ?” ಎಂದರು. ಆಮೇಲೆ ದುಂಡನೆಯ ಚೀಟಿ ಕೈಗೆ ಬಂತು. “ಬಾಡಿಗೆ ಮನೆ” ಎಂದೆ, ಅಷ್ಟೇ. ಸಾಕಿತ್ತು, ನಗು ತಾನಾಗಿ ಹೊರಟಿತು. ಮೂರು ತಿಂಗಳು ನಾನೇ ಪಳಗಿಸಿದ ನಗು, ಈಗ ನಾನೇ ಬೇಡವೆಂದರೂ ಕೇಳಲಿಲ್ಲ.

“ಮಾಡೋ, ಮಾಡು, ಮೋಟ್ರು ಆಫ್ ಮಾಡು” ಎಂದರು ಓನರಮ್ಮ, ಬೋಂಡದ ತಟ್ಟೆ ಕೆಳಗಿಡುತ್ತ.

“ಇಲ್ಲ ಓನರಮ್ಮ, ಇವತ್ತು ಮಿಮಿಕ್ರಿ ಇಲ್ಲ. ಇದು ನಿಜವಾದ ಚೀಟಿ. ಓಟು ಹಾಕ್ಬೇಕು.”

“ಅಲ್ವೋ, ನೀನೇ ಬರೀತೀಯ, ನೀನೇ ನನ್ನ ಹಂಗೆ ಆಡ್ತೀಯ, ಈಗ ನೀನೇ ಓಟೂ ಕೇಳ್ತೀಯ?”

“ನಾನು ಬರೆದಿದ್ದಾ? ಇಷ್ಟು ದಿನ ನೀವು ಬರೆದಿದ್ದು ಅಂದ್ಕೊಂಡಿದ್ದೆ ನಾನು.”

“ನನಗ್ಯಾಕೋ ಬೇಕು ಬಾಡಿಗೆ ಮನೆ? ಬೆಳಗೆದ್ರೆ ಅದೇ ನೋಡ್ತೀನಿ.”

ಅಂಕಲ್ ಕೈ ಚಾಚಿ ಚೀಟಿ ಇಸಿದುಕೊಂಡರು. ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಬಿಡಿಭಾಗವನ್ನು ನೋಡುವ ಹಾಗೆ ಎರಡೂ ಬದಿ ನೋಡಿದರು. “ಇದು ಎಡಗೈ ಬರಹ ಅಲ್ಲ. ಬಲಗೈದು. ಪ್ರೊಸೀಜರ್ ಉಲ್ಲಂಘನೆ. ಈ ಚೀಟಿ ರಿಜೆಕ್ಟ್.”

ಆಕೆಯ ಗುಟ್ಟು ಹೇಳುವ ಹಾಗಿಲ್ಲ, ಹೇಳದಿದ್ದರೆ ಕಡೆಯ ಚೀಟಿಯೂ ಹೋಯಿತು. ವಕೀಲನ ಹಾಗೆ ಎದ್ದು ನಿಂತು, “ಅಂಕಲ್, ಕೆಲವರಿಗೆ ಎಡಗೈಲೂ ಚೆನ್ನಾಗಿ ಬರೆಯೋಕೆ ಬರಬಹುದು, ಈಗ ಉದಾಹರಣೆಗೆ ಹೇಳೋದಾದ್ರೆ, ಯಾರೋ ಒಬ್ರು ಇದಾರೆ ಅಂತ ಇಟ್ಕೊಳ್ಳಿ” ಎಂದು ಏನೇನೋ ಎಳೆಯತೊಡಗಿದೆ.

“ತಮ್ಮಾ, ನೀ ಕೂಡು” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಅಕ್ಕ ಎದ್ದು ಬಂದರು. ಅಂಕಲ್ ಕೈಯಿಂದ ಚೀಟಿ ತೆಗೆದುಕೊಂಡು, ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದು, ಅದರ ಬೆನ್ನಿಗೆ ಅವರ ಕಣ್ಣೆದುರೇ ಮತ್ತೊಮ್ಮೆ ಬರೆದರು. ಅದೇ ದುಂಡು, ಅದೇ ಸಾಲು. ಅಂಕಲ್ ಎರಡೂ ಬದಿಗಳನ್ನು ಹೋಲಿಸಿ ನೋಡಿದರು. ಕನ್ನಡಕ ಕೆಳಗಿಳಿಸಿ, “ಪಾಸ್” ಎಂದರು. ಕಾರ್ಖಾನೆಯಲ್ಲಿ ಅವರ ಬಾಯಿಂದ ಆ ಮಾತು ಬರಲು ಜನ ಎಷ್ಟು ಕಾಯುತ್ತಿದ್ದರೋ ಗೊತ್ತಿಲ್ಲ, ಆ ದಿನ ನಾನು ಉಸಿರು ಹಿಡಿದು ಕಾದಿದ್ದೆ.

ಆದರೆ ಓಟು ಕೇಳಿದಾಗ ನನ್ನದೊಂದೇ ಕೈ ಮೇಲಿತ್ತು. ಉಳಿದವರೆಲ್ಲ ಓನರಮ್ಮನ ಮುಖ ನೋಡುತ್ತಿದ್ದರು. ಅವರ ಮುಖದಲ್ಲಿ ನಗು ಇರಲಿಲ್ಲ. ತಮ್ಮದೇ ರೂಮಿನವಳು, ತಮ್ಮದೇ ಹಾಲಿನಲ್ಲಿ, ಬಾಡಿಗೆ ಮನೆಯ ಮಾತು ಎತ್ತಿದ್ದಾಳೆ. ಮೂರು ತಿಂಗಳು ಬೆನ್ನಿಗೆ ಗುದ್ದಿ ನಕ್ಕಿದ್ದೆಲ್ಲ ಈಗ ನಿಜವಾದ ದೂರಿನ ಹಾಗೆ ಅವರಿಗೆ ಕೇಳಿಸಿರಬೇಕು. ಅಕ್ಕ ಆಗಲೇ ಬೀರುವಿನಿಂದ ಆ ಕಾದಂಬರಿಯನ್ನು ತೆಗೆದು ಎದೆಗೆ ಒತ್ತಿ ಹಿಡಿದಿದ್ದರು. ಗೆಲ್ಲುವ ಮೊದಲು ಪುಸ್ತಕ ತೆಗೆಯುವುದು ಪ್ರೊಸೀಜರ್ ಅಲ್ಲ, ಅಂಕಲ್ ನೋಡಿಯೂ ಸುಮ್ಮನಿದ್ದರು.

“ನೋಡಮ್ಮ,” ಎಂದರು ಓನರಮ್ಮ ಕೊನೆಗೆ, “ಈ ಬೀರುಲಿರೋ ಪುಸ್ತಕ ನಾನೂ ಸುಮಾರು ಓದಿದೀನಿ, ಇದೊಂದು ಓದಿಲ್ಲ. ಬಾಡಿಗೆ ಮನೆ ಕಥೆ ಅಂದ್ರೆ ಓನರ್ ಯಾವಾಗ್ಲೂ ರಾಕ್ಷಸೀನೆ. ನೀರು ಬಿಡಲ್ಲ, ಲೈಟು ಬಿಡಲ್ಲ. ಅದ್ರಲ್ಲೂ ಹಂಗೇ ತಾನೆ?”

ಅಕ್ಕ ಕೊಟ್ಟ ಉತ್ತರಕ್ಕೆ ಮೊದಲು ಮೇಲೆದ್ದದ್ದು ಓನರಮ್ಮನ ಕೈ, ಅದರ ಹಿಂದೆಯೇ ಉಳಿದ ಆರು. ಆ ತಿಂಗಳು ಪುಸ್ತಕವನ್ನು ಮೊದಲ ಮೂರು ದಿನ ಇಟ್ಟುಕೊಂಡವರೂ ಓನರಮ್ಮನೇ. ಅಕ್ಕ ಅಂದದ್ದು ಇಷ್ಟು:

“ಹೌದ್ರಿ, ಅದ್ರಾಗೂ ಓನರ್ ಕೆಟ್ಟಾಕೀನೇ. ಆದ್ರ ಅಕಿ ಪುಸ್ತಕ ಓದಂಗಿಲ್ರಿ, ನೀವು ಓದ್ತೀರಿ.”